ಒಂದು ಕಣ್ಣು ಮುಚ್ಚಿಸಿ ಮೆದುಳಿನ ಪದರ ಹುಡುಕಿದ್ದು

ಮೈಸೂರಿನ ಡಿಗ್ರಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಹುಡುಗರು ಕಣ್ಣಿನ ಚಿತ್ರ ಚೆನ್ನಾಗಿ ಬರೆಯುತ್ತಾರೆ. ದೃಷ್ಟಿ ಕಾರ್ಟೆಕ್ಸ್, ಅಂದರೆ ಕಣ್ಣಿನ ಸುದ್ದಿ ಬಿಡಿಸಿಕೊಳ್ಳುವ ಮೆದುಳಿನ ಹೊರಪದರ, ಬಂತೋ, ಬಾಯಿಪಾಠ ಶುರು. ಕೋತಿಯ ಮೆದುಳಿಗೆ ಎಲೆಕ್ಟ್ರೋಡ್ (ನರಕೋಶದ ವಿದ್ಯುತ್ ಸಂಕೇತ ಹಿಡಿಯುವ ಸಣ್ಣ ತಂತಿ) ಇಳಿಸಿ ತೋರಿಸುವುದು ನಮ್ಮ ಕೈಲಾಗದ ಮಾತು. ಸರಸ್ವತಿಪುರಂನ ಜೆರಾಕ್ಸ್ ಅಂಗಡಿಯಲ್ಲಿ ಎರಡು ಹಾಳೆ ಪ್ರಿಂಟ್ ಹಾಕಿಸಿದೆ, ಸಾಕಾಯಿತು.

ಒಂದರಲ್ಲಿ 15 ಡಿಗ್ರಿ ಬಲಕ್ಕೆ ವಾಲಿದ ಕಪ್ಪು-ಬಿಳಿ ಪಟ್ಟೆ. ಇನ್ನೊಂದರಲ್ಲಿ ಅಷ್ಟೇ ದಪ್ಪದ ನೆಟ್ಟಗಿನ ಪಟ್ಟೆ. ಎರಡನ್ನೂ ದುಂಡಗೆ ಕತ್ತರಿಸಬೇಕು, ಇಲ್ಲದಿದ್ದರೆ ಹಾಳೆಯ ಅಂಚನ್ನೇ ಕಣ್ಣು ಆಸರೆ ಮಾಡಿಕೊಳ್ಳುತ್ತದೆ. ವಾಲಿದ್ದನ್ನು ಒಂದು ನಿಮಿಷ ನೋಡಿ, ತಟ್ಟನೆ ನೆಟ್ಟಗಿನದಕ್ಕೆ ಬರಬೇಕು. ಒಂದೇ ಚುಕ್ಕಿ ದಿಟ್ಟಿಸಬಾರದು. ನೋಟ ವೃತ್ತದೊಳಗೆ ನಿಧಾನವಾಗಿ ಓಡಾಡುತ್ತಿರಲಿ.

"ಮೇಡಂ, ಇದು ಎಡಕ್ಕೆ ವಾಲಿದೆ, ಸರಿಯಾಗಿ ಅಂಟಿಸಿಲ್ಲ" ಅಂದಳು ಒಬ್ಬಳು. ಗಾರೆಯವರ ಹಾಗೆ ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲೇ ಇಳಿಬಿಟ್ಟೆ. ಪಟ್ಟೆ ನೆಟ್ಟಗೇ ಇತ್ತು.

ಆಮೇಲೆ ಪಾಠ ತಾನಾಗಿ ಬಂತು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಮೊದಲು ಬೆಕ್ಕಿನಲ್ಲಿ, ನಂತರ ಮಕಾಕ್ ಕೋತಿಯಲ್ಲಿ ನೋಡಿದ್ದು ಇದನ್ನೇ: ಒಂದೊಂದು ನರಕೋಶಕ್ಕೂ ತನ್ನದೇ ಓರೆ ಇಷ್ಟ. ಎಲೆಕ್ಟ್ರೋಡ್ ನೇರ ಕೆಳಗಿಳಿದರೆ ಓರೆ ಬದಲಾಗುವುದಿಲ್ಲ. ಅಡ್ಡಡ್ಡ ಹೋದರೆ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ಸುಮಾರು 1 ಮಿ.ಮೀ. ಜಾಗದಲ್ಲಿ ಎಲ್ಲ ಓರೆಗಳೂ, ಎರಡೂ ಕಣ್ಣಿನ ಪಾಲೂ ಸಿಗುತ್ತವೆ. ಈ ಕೆಲಸಕ್ಕೆ ಅವರಿಗೆ 1981ರಲ್ಲಿ ನೊಬೆಲ್ ಬಂತು. ಬಲಕ್ಕೆ ವಾಲಿದ ಗೆರೆಯ ಕೋಶಗಳು ಒಂದು ನಿಮಿಷ ದುಡಿದು ಮಂಕಾದರೆ, ಉಳಿದವರ ಮತ ಎಡಕ್ಕೆ ಎಳೆಯುತ್ತದೆ ಅಲ್ವಾ?

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮಜಾ ಅನಿಸುವುದು ಮುಂದಿನದು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಮಾತ್ರ ವಾಲಿದ ಪಟ್ಟೆ ನೋಡಿಸಿದೆ. ಪರೀಕ್ಷೆ ಎಡಗಣ್ಣಿಗೆ. ಆಗಲೂ ವಾಲಿತು, ಸ್ವಲ್ಪ ಕಡಿಮೆ ಅಷ್ಟೇ. ಹಾಗಾದರೆ ಇದು ಕಣ್ಣಿನೊಳಗಿನ ಪರದೆಯಾದ ರೆಟಿನಾದ ಕೆಲಸ ಅಲ್ಲ. ಮಕಾಕ್‌ನ ಕಾರ್ಟೆಕ್ಸಿಗೆ ಸುದ್ದಿ ಬಂದಿಳಿಯುವ 4ಸಿ ಪದರದ ಕೋಶಗಳು ಹೆಚ್ಚಾಗಿ ಒಂದೇ ಕಣ್ಣಿನ ಮಾತು ಕೇಳುತ್ತವೆ, ಬಹಳಷ್ಟಕ್ಕೆ ಓರೆಯ ಗೊಡವೆಯೂ ಇಲ್ಲ. ಎರಡು ಕಣ್ಣು ಬೆರೆಯುವುದು ಅದರಾಚೆಯ ಪದರಗಳಲ್ಲಿ. ನಮ್ಮ ಗೆರೆ ವಾಲಿಸಿದ್ದೂ ಅಲ್ಲೋ, ಇನ್ನೂ ಮುಂದೆಯೋ ಇರಬೇಕು. ಅದಕ್ಕಿಂತ ನಿಖರವಾಗಿ ಕಾಗದದ ಪಟ್ಟೆ ಹೇಳಲಾರದು.

ನನಗೆ ಚಿಕ್ಕಂದಿನಿಂದ ಮೆಳ್ಳೆಗಣ್ಣು. ಒಂದು ಕಣ್ಣಿನ ವಾಲಿಕೆ ಇನ್ನೊಂದಕ್ಕೆ ದಾಟುವುದೇ ಇಲ್ಲ. ಎಳೆಯ ಬೆಕ್ಕಿನ ಮರಿಗಳಿಗೆ ಮೆಳ್ಳೆಗಣ್ಣು ಬರಿಸಿದಾಗ, ಎರಡೂ ಕಣ್ಣಿಗೆ ಸ್ಪಂದಿಸುವ ಕೋಶಗಳು ತುಂಬ ಕಡಿಮೆಯಾದದ್ದನ್ನು ಅದೇ ಜೋಡಿ 1965ರಲ್ಲಿ ವರದಿ ಮಾಡಿತ್ತು. ಹಾಗಾಗಿ ಈ ಭಾಗಕ್ಕೆ ಹುಡುಗರ ಕಣ್ಣನ್ನೇ ನಂಬುತ್ತೇನೆ.