ರೇಷ್ಮೆ ತಂತಿಯ ಊದ್: ನನ್ನ ಅನುಭವ

ಊದ್ ಅಂದರೆ ಅರಬ್ಬರ ತಂತಿವಾದ್ಯ. ಅದಕ್ಕೆ ರೇಷ್ಮೆ ತಂತಿ ಹೊಸೆಯುತ್ತೇನೆ ಅಂದಾಗ, ಊದ್ ನುಡಿಸುವ ಗೆಳೆಯರೆಲ್ಲ "ಆಗಲ್ಲ ಬಿಡು, ನೈಲಾನ್ ಇರುವಾಗ ಸುಮ್ನೆ ದುಡ್ಡು ದಂಡ" ಅಂದಿದ್ದರು. ಕಳೆದ ತಿಂಗಳು ಅವರೆದುರಿಗೇ ಎರಡು ಗಂಟೆ ನುಡಿಸಿದೆ. ನಾಲ್ಕೂ ರೇಷ್ಮೆ ತಂತಿ. ಒಂದೂ ಹರಿಯಲಿಲ್ಲ.

ಯಾವ ತಂತಿಗೆ ಎಷ್ಟು ರೇಷ್ಮೆ ಎಳೆ ಅನ್ನುವ ಲೆಕ್ಕ ಹಳೆಯದು. 10ನೇ ಶತಮಾನದಲ್ಲಿ ಇರಾಕಿನ ಬಸ್ರಾದ ಇಖ್ವಾನ್ ಅಲ್ ಸಫಾ ಅನ್ನುವ ವಿದ್ವಾಂಸರ ಬಳಗದವರು ಬರೆದಿಟ್ಟದ್ದು. ಮಂದ್ರದಿಂದ ತಾರಕ್ಕೆ ತಂತಿಗಳ ಹೆಸರು ಹೀಗೆ: ಬಮ್‌ಗೆ 64 ಎಳೆ, ಮಸ್ಲಸ್‌ಗೆ 48, ಮಸ್ನಾಗೆ 36, ಝೀರ್‌ಗೆ 27. ಪ್ರತಿ ತಂತಿಯೂ ಹಿಂದಿನದರ ಮಧ್ಯಮಕ್ಕೆ ಶ್ರುತಿ. ಎಳೆಯಲ್ಲೂ ಸ್ವರದಲ್ಲೂ ಅದೇ 4:3.

ರಾಮನಗರದ ಕಡೆ ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರಿಂದ ಅರ್ಧ ಕಿಲೋ ಕಚ್ಚಾ ರೇಷ್ಮೆ ತಂದೆ. ಎರಡು ಸಾವಿರದ ಮೇಲಾಯಿತು. ತಂದವನೇ ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆದುಬಿಟ್ಟೆ. ಸೀರೆಗೆ ಅದು ಸರಿ, ತಂತಿಗಲ್ಲ. ಹೊಸೆದದ್ದೆಲ್ಲ ಹತ್ತಿಯ ಹಾಗೆ ಬಿಚ್ಚಿಕೊಂಡಿತು. ಆಮೇಲೆ ರೀಲಿನ ಒಂಟಿ ಎಳೆಯನ್ನೇ ಒಂದು ಅಂತ ಎಣಿಸಿದೆ. ಝೀರ್ ಕೂದಲಷ್ಟು ತೆಳು, ದನಿಯೇ ಇಲ್ಲ. ಮೂರು ಸೇರಿದರೆ ಒಂದು ಅಂತ ಹಿಡಿದ ಮೇಲೆ ದಾರಿ ಕಂಡಿತು. ಅಷ್ಟರಲ್ಲಿ ಎಂಟು ತಿಂಗಳು, ಹತ್ತಿರ ಹತ್ತಿರ 14 ಸಾವಿರ ಹೋಗಿತ್ತು.

ಬಮ್‌ನದೇ ದೊಡ್ಡ ತಲೆನೋವು. ಈ ಲೆಕ್ಕದಲ್ಲಿ ಝೀರ್‌ನ ಬಿಗಿ ಬಮ್‌ನ ಎರಡು ಪಟ್ಟಿಗಿಂತ ಜಾಸ್ತಿ. ಬಮ್ ಸಡಿಲ, ಬರೀ ಗೊರಗೊರ. "ಎಳೆ ಜಾಸ್ತಿ ಹಾಕು" ಅಂದರು ಗೆಳೆಯರು. ನಾನು 64 ಬಿಡಲಿಲ್ಲ. 16ರಂತೆ ನಾಲ್ಕು ಹುರಿ ಮಾಡಿದೆ, ಆಮೇಲೆ ನಾಲ್ಕನ್ನೂ ಎದುರು ದಿಕ್ಕಿಗೆ ಹೊಸೆದೆ. ಗೊರಗೊರ ನಿಂತಿತು. ಮೇಲೆ ಸರೇಸಿನ ಅಂಟು ಎರಡು ಸಲ. ಎರಡನೇ ಸಲ ಅದಕ್ಕೆ ಏನು ಬೆರೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಮರದ ಕಡ್ಡಿಯಿಂದ ಮೀಟಿದರೆ ರೇಷ್ಮೆ ಬೇಗ ಜುಂಗೇಳುತ್ತದೆ. ಬಗ್ದಾದಿನಿಂದ ಹೊರಟು 822ರಲ್ಲಿ ಸ್ಪೇನಿನ ಕಾರ್ಡೊಬಾಕ್ಕೆ ಬಂದ ಊದ್ ವಾದಕ ಝಿರ್ಯಾಬ್ ಮರ ಬಿಟ್ಟು ಹದ್ದಿನ ಗರಿ ಹಿಡಿದ ಅಂತ ಹೇಳುತ್ತಾರೆ. ನಾನು ಬಾತಿನ ಗರಿಯಲ್ಲಿ ನೋಡಿದೆ. ಹೌದು, ತಂತಿ ಮೂರು ಪಟ್ಟು ಬಾಳುತ್ತದೆ.

ಇನ್ನೊಂದು ಖುಷಿ ಹೇಳಲೇಬೇಕು. ಖಲೀಫ ಹಾರೂನ್ ಅಲ್ ರಶೀದ್ ಕಾಲದ ಬಗ್ದಾದಿನಲ್ಲಿ ಝಲ್ಝಲ್ ಅನ್ನುವ ಊದ್ ವಾದಕ ಇದ್ದ. ನಡುಬೆರಳಿನ ಒಂದು ಮೆಟ್ಟಿಗೆ ಇವತ್ತಿಗೂ ಅವನದೇ ಹೆಸರು. 10ನೇ ಶತಮಾನದ ವಿದ್ವಾಂಸ ಅಲ್ ಫಾರಾಬಿ ಕೊಟ್ಟ ಅಳತೆ 27:22, ಅಂದರೆ ಇಡೀ ತಂತಿ 27 ಪಾಲಾದರೆ ಮೀಟುವ ಭಾಗ 22. ನನ್ನ 60 ಸೆಂಟಿಮೀಟರ್ ತಂತಿಯಲ್ಲಿ ಬಿರಡೆಯ ಕಡೆಯ ತುದಿಯಿಂದ 11 ಸೆಂಟಿಮೀಟರ್ ಚಿಲ್ಲರೆ. ನಮ್ಮ ಕರ್ನಾಟಕ ಸಂಗೀತದ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಬೀಳುತ್ತದೆ. ಅಲ್ಲಿ ಕರುಳಿನ ಮೆಟ್ಟು ಕಟ್ಟಿ ಮೀಟಿದ ದಿನ ಊಟ ಮರೆತಿದ್ದೆ.

ಈಗ ಝೀರ್‌ಗಿಂತ ಮೇಲಿನ ಐದನೇ ತಂತಿ ಹಿಡಿದಿದ್ದೇನೆ. ಅದೇ ಲೆಕ್ಕ ಮುಂದುವರಿಸಿದರೆ 20 ಕಾಲು ಎಳೆ ಬರುತ್ತದೆ. ಕಾಲು ಎಳೆ ಎಲ್ಲಿಂದ ತರುವುದು? ಮೂರಕ್ಕೆ ಒಂದರ ಲೆಕ್ಕದಲ್ಲಿ ರೀಲಿನ ಒಂಟಿ ಎಳೆ 61 ಹಾಕಿ ಹೊಸೆದೆ. ಶ್ರುತಿಗೆ ಇನ್ನೇನು ಬಂತು ಅನ್ನುವಾಗ ಮೂರು ಸಲ ಹರಿದಿದೆ. ನಾಲ್ಕನೆಯದು ಸರೇಸಿನಲ್ಲಿ ಒಣಗುತ್ತಿದೆ.