ಪ್ರೊಸೆಸರ್ ದೋಷಗಳು: ಯಾವ ಮಷಿನ್‌ಗೆ ನಾನು ಏನು ಮಾಡಿದೆ, ಯಾಕೆ ಮಾಡಿದೆ

‘ಮಿಟಿಗೇಶನ್ ಆಫ್ ಮಾಡಿದ್ರೆ ಕಂಪ್ಯೂಟರ್ ಸ್ಪೀಡ್ ಆಗುತ್ತಂತೆ, ಮಾಡ್ಲಾ?’ ಲಿನಕ್ಸ್ ಬಳಸುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಮಿಟಿಗೇಶನ್ ಅಂದರೆ ಪ್ರೊಸೆಸರ್ ದೋಷಗಳಿಂದ ಮಾಹಿತಿ ಸೋರದಂತೆ ಹಾಕಿರುವ ತಡೆ. ಮಾಡು, ಬೇಡ ಅಂತ ಒಂದೇ ಮಾತಲ್ಲಿ ಹೇಳಲು ನನಗೆ ಮನಸ್ಸಾಗುವುದಿಲ್ಲ. ನಾನು ತಿರುಗಿ ಕೇಳುವುದು ಇಷ್ಟೇ: ಆ ಮಷಿನ್ ಮೇಲೆ ಯಾರ ಯಾರ ಕೋಡ್ ಓಡುತ್ತದೆ? ನಾನು ನೋಡಿಕೊಳ್ಳುವ ಲ್ಯಾಪ್‌ಟಾಪ್, ಹಳೇ ಡೆಸ್ಕ್‌ಟಾಪ್, ಸರ್ವರ್ ಎಲ್ಲದಕ್ಕೂ ಈ ಪ್ರಶ್ನೆಯಿಂದಲೇ ಶುರು ಮಾಡಿದ್ದೇನೆ.

2018ರ ಜನವರಿ 3ರಂದು ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳ ಸುದ್ದಿ ಹೊರಬಿತ್ತು. ಪ್ರೊಸೆಸರ್ ಸುಮ್ನೆ ಕಾಯುತ್ತಾ ಕೂರುವುದಿಲ್ಲ. ಮುಂದೆ ಯಾವ ದಾರಿ ಹಿಡಿಯಬೇಕಾಗುತ್ತದೆ ಎಂದು ಊಹಿಸಿ, ಆ ಕೆಲಸವನ್ನು ಮೊದಲೇ ಮಾಡಿಟ್ಟುಕೊಳ್ಳುತ್ತದೆ. ಊಹೆ ತಪ್ಪಾದರೆ ಮಾಡಿದ್ದನ್ನು ಬಿಸಾಡುತ್ತದೆ. ಆದರೆ ರಬ್ಬರಿನಲ್ಲಿ ಅಳಿಸಿದ ಮೇಲೂ ಕಾಗದದಲ್ಲಿ ಪೆನ್ಸಿಲ್ ಒತ್ತಿದ ಗುರುತು ಉಳಿಯುವ ಹಾಗೆ, ಪ್ರೊಸೆಸರ್ ಒಳಗಿನ ಸಣ್ಣ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಅದರ ಗುರುತು ಉಳಿಯುತ್ತದೆ. ಕ್ಯಾಶ್‌ನಲ್ಲಿರುವ ಡೇಟಾ ಕೆಲವೇ ನ್ಯಾನೋಸೆಕೆಂಡ್‌ಗಳಲ್ಲಿ ಸಿಗುತ್ತದೆ. ಮುಖ್ಯ ಮೆಮೊರಿಗೆ ಹೋಗಿ ತರಬೇಕಾದರೆ 100 ನ್ಯಾನೋಸೆಕೆಂಡ್ ಆಸುಪಾಸು ಬೇಕು. ಆ ಸಮಯವನ್ನು ಅಳೆದೇ ಇನ್ನೊಂದು ಪ್ರೋಗ್ರಾಮ್‌ನ ಪಾಸ್‌ವರ್ಡ್, ಕೀ ಇಂಥದ್ದನ್ನು ಚೂರುಚೂರಾಗಿ ಕದಿಯಬಹುದು. ಆದರೆ ಒಂದು ಷರತ್ತಿದೆ. ಸಾಮಾನ್ಯವಾಗಿ ಕದಿಯುವ ಕೋಡ್ ಅದೇ ಮಷಿನ್ ಮೇಲೆ ಓಡಬೇಕು. ನನ್ನ ಪ್ರಶ್ನೆ ಹುಟ್ಟಿದ್ದೇ ಇಲ್ಲಿಂದ.

ಮೊದಲ ಕೆಲಸ, ಇರುವ ಸ್ಥಿತಿ ನೋಡುವುದು. ಲಿನಕ್ಸ್‌ನಲ್ಲಿ ಇದು ಸುಲಭ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ (lscpu) ಕಮಾಂಡ್ ಕೊಟ್ಟರೆ ಕೊನೆಯಲ್ಲಿ ದೋಷಗಳ ಪಟ್ಟಿ ಬರುತ್ತದೆ. ‘ನಾಟ್ ಅಫೆಕ್ಟೆಡ್’ ಇದ್ದರೆ ನಿಮ್ಮ ಚಿಪ್‌ಗೆ ಆ ದೋಷ ಇಲ್ಲ. ‘ಮಿಟಿಗೇಶನ್’ ಇದ್ದರೆ ದೋಷ ಇದೆ, ತಡೆಯೂ ಇದೆ. ‘ವಲ್ನರಬಲ್’ ಇದ್ದರೆ ಅಲ್ಲಿ ನಿಂತು ಓದಬೇಕು. ವಿಂಡೋಸ್ ಬಳಸುವವರಿಗೆ ಪವರ್‌ಶೆಲ್‌ನಲ್ಲಿ ಮೈಕ್ರೋಸಾಫ್ಟ್‌ನದೇ ‘ಸ್ಪೆಕ್ಯುಲೇಶನ್ ಕಂಟ್ರೋಲ್’ ಮಾಡ್ಯೂಲ್ ಇದೆ.

ನನ್ನ ಹಳೇ ಡೆಸ್ಕ್‌ಟಾಪ್‌ನಲ್ಲಿ ಒಂದು ಸಾಲು ಹೀಗಿತ್ತು: ‘ವಲ್ನರಬಲ್, ಕ್ಲಿಯರ್ ಸಿಪಿಯು ಬಫರ್ಸ್ ಅಟೆಂಪ್ಟೆಡ್, ನೋ ಮೈಕ್ರೋಕೋಡ್’. ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ತನ್ನ ಕೆಲಸ ಮಾಡಲು ರೆಡಿ ಇದೆ, ಆದರೆ ಚಿಪ್ ಕಡೆಯಿಂದ ಬೇಕಾದ ಸಹಾಯ ಸಿಗುತ್ತಿಲ್ಲ. ಮೈಕ್ರೋಕೋಡ್ ಅಂದರೆ ಪ್ರೊಸೆಸರ್ ಒಳಗೇ ಓಡುವ ಸಣ್ಣ ಪ್ರೋಗ್ರಾಮ್. ಅದರ ಅಪ್‌ಡೇಟ್ ಚಿಪ್‌ನಲ್ಲಿ ಶಾಶ್ವತವಾಗಿ ಕೂರುವುದಿಲ್ಲ. ಪವರ್ ಆಫ್ ಮಾಡಿದರೆ ಹೋಗುತ್ತದೆ, ಪ್ರತಿ ಬೂಟ್‌ನಲ್ಲೂ ಮತ್ತೆ ಲೋಡ್ ಆಗಬೇಕು. ಹೆಚ್ಚಿನವರು ಇದಕ್ಕೆ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲಿರುವ ಪ್ರೋಗ್ರಾಮ್) ಅಪ್‌ಡೇಟ್ ಒಂದೇ ದಾರಿ ಎಂದುಕೊಳ್ಳುತ್ತಾರೆ. ನನ್ನ ಮದರ್‌ಬೋರ್ಡ್ ತಯಾರಕರು ಆ ಮಾಡೆಲ್‌ಗೆ ಬಯೋಸ್ ಕೊಡುವುದನ್ನು ನಿಲ್ಲಿಸಿ ತುಂಬಾ ಕಾಲವಾಗಿತ್ತು. ಇದೇ ಕಾರಣಕ್ಕೆ ಎಷ್ಟೋ ಜನ ಚೆನ್ನಾಗಿರುವ ಕಂಪ್ಯೂಟರನ್ನು ಮೂಲೆಗೆ ಹಾಕುತ್ತಾರೆ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಎರಡನೇ ದಾರಿ ಇದೆ. ಆಪರೇಟಿಂಗ್ ಸಿಸ್ಟಮ್ ಕೂಡ ಬೂಟ್ ಆಗುವಾಗ ಮೈಕ್ರೋಕೋಡ್ ಲೋಡ್ ಮಾಡಬಲ್ಲದು. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಇಂಟೆಲ್‌ಗೆ ಒಂದು, ಎಎಮ್‌ಡಿಗೆ ಒಂದು ಪ್ಯಾಕೇಜ್ ಇದೆ. ಡೆಬಿಯನ್ 12ರಲ್ಲಿ ಅದು ‘ನಾನ್-ಫ್ರೀ-ಫರ್ಮ್‌ವೇರ್’ ವಿಭಾಗದಲ್ಲಿರುತ್ತದೆ, ಹಾಗಾಗಿ ಆ ವಿಭಾಗ ಆನ್ ಇದೆಯಾ ನೋಡಿಕೊಳ್ಳಿ. ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದೆ. ಅದೇ ಸಾಲು ‘ಮಿಟಿಗೇಶನ್’ ಎಂದು ಬದಲಾಯಿತು. ಬಯೋಸ್ ಮುಟ್ಟಲೇ ಇಲ್ಲ.

ಸರ್ವರ್‌ಗಳಲ್ಲಿ ಮಾತ್ರ ನಾನು ಈ ಆತುರ ಮಾಡುವುದಿಲ್ಲ. 2018ರ ಜನವರಿ 22ರಂದು ಇಂಟೆಲ್ ತಾನೇ ಕೊಟ್ಟಿದ್ದ ಮೈಕ್ರೋಕೋಡ್ ಹಾಕಬೇಡಿ ಎಂದು ಹೇಳಬೇಕಾಗಿ ಬಂದಿತ್ತು. ಮಷಿನ್‌ಗಳು ತಾವಾಗಿಯೇ ರೀಬೂಟ್ ಆಗುತ್ತಿದ್ದವು. ಅದಕ್ಕೇ ಮೊದಲು ಒಂದು ಸರ್ವರ್‌ಗೆ ಹಾಕಿ, ಅದು ಕೆಲವು ದಿನ ಸರಿಯಾಗಿ ಓಡಿದ ಮೇಲೆ ಉಳಿದವಕ್ಕೆ ಹಾಕುತ್ತೇನೆ.

ಇನ್ನು ಸ್ಪೀಡ್ ವಿಷಯ. ಮೆಲ್ಟ್‌ಡೌನ್ ತಡೆಯಲು ಕರ್ನಲ್ ತನ್ನ ಪೇಜ್ ಟೇಬಲ್‌ಗಳನ್ನು (ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎನ್ನುವ ಪಟ್ಟಿಗಳನ್ನು) ಪ್ರೋಗ್ರಾಮ್‌ಗಳಿಂದ ಬೇರೆ ಇಡುತ್ತದೆ. ಆದ್ದರಿಂದ ಪ್ರತಿ ಸಿಸ್ಟಮ್ ಕಾಲ್‌ನಲ್ಲೂ, ಅಂದರೆ ಪ್ರೋಗ್ರಾಮ್ ಕರ್ನಲ್‌ನ ಸಹಾಯ ಕೇಳಿದಾಗಲೆಲ್ಲ, ಟೇಬಲ್ ಬದಲಾಯಿಸಬೇಕು. ಹೊರೆ ಬೀಳುವುದು ಕರ್ನಲ್‌ನ ಬಾಗಿಲು ಪದೇಪದೇ ತಟ್ಟುವ ಕೆಲಸಗಳ ಮೇಲೆ: ಡೇಟಾಬೇಸ್, ನೆಟ್‌ವರ್ಕ್, ಸಾವಿರಾರು ಸಣ್ಣ ಫೈಲ್‌ಗಳು. ನಾನು ಯಾರದೋ ಬೆಂಚ್‌ಮಾರ್ಕ್ ನೆಚ್ಚಿಕೊಳ್ಳದೆ ನನ್ನದೇ ಕೆಲಸಗಳನ್ನು ಮಿಟಿಗೇಶನ್ ಆನ್ ಇಟ್ಟು ಒಮ್ಮೆ, ಆಫ್ ಮಾಡಿ ಒಮ್ಮೆ ಓಡಿಸಿ ನೋಡಿದೆ. ವಿಡಿಯೋ ಎನ್‌ಕೋಡಿಂಗ್‌ನಲ್ಲಿ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಡೇಟಾಬೇಸ್‌ಗೆ ಸಣ್ಣ ಸಣ್ಣ ಕ್ವೆರಿ ಸುರಿದಾಗ ಸ್ಪಷ್ಟವಾಗಿ ಕಂಡಿತು. ಎಲ್ಲ ದೋಷಗಳ ಬೆಲೆಯೂ ಒಂದೇ ಅಲ್ಲ. 2023ರ ಆಗಸ್ಟ್‌ನ ಡೌನ್‌ಫಾಲ್ ಇಂಟೆಲ್‌ನ 6ರಿಂದ 11ನೇ ತಲೆಮಾರಿನ ಚಿಪ್‌ಗಳದ್ದು. ಅದರ ತಡೆಯಿಂದ ಕೆಲವು ಬಗೆಯ ಕೆಲಸ 50% ವರೆಗೆ ನಿಧಾನ ಆಗಬಹುದು, ಆದರೆ ಮೆಮೊರಿಯಲ್ಲಿ ಚದುರಿರುವ ಡೇಟಾವನ್ನು ಒಟ್ಟಿಗೆ ತರುವ ‘ಗ್ಯಾದರ್’ ಸೂಚನೆಗಳನ್ನು ಜಾಸ್ತಿ ಬಳಸುವ ಕಡೆ ಮಾತ್ರ.

ಅಳೆದ ಮೇಲೆ ನಿರ್ಧಾರ ಕಷ್ಟವಾಗಲಿಲ್ಲ. ಎನ್‌ಕೋಡಿಂಗ್ ಮಷಿನ್‌ನಲ್ಲಿ ಲಾಭವೇ ಇಲ್ಲ, ಸುಮ್ನೆ ಯಾಕೆ ಆಫ್ ಮಾಡಬೇಕು? ಡೇಟಾಬೇಸ್ ಸರ್ವರ್‌ನಲ್ಲಿ ಲಾಭ ಇದೆ, ಆದರೆ ಅಲ್ಲಿರುವುದು ಬೇರೆಯವರ ಮಾಹಿತಿ. ಕೋಡ್‌ನಿಂದ ಪ್ರೋಗ್ರಾಮ್ ತಯಾರಿಸುವ ಬಿಲ್ಡ್ ಸರ್ವರ್ ‘ನಮ್ಮದೇ ಕೋಡ್’ ಅನ್ನಿಸುತ್ತದೆ, ಆದರೆ ಅದು ಇಂಟರ್ನೆಟ್‌ನಿಂದ ಎಳೆದು ಓಡಿಸುವ ಪ್ಯಾಕೇಜ್‌ಗಳೆಲ್ಲ ನಾನು ಓದಿದ್ದಲ್ಲ. ಕೊನೆಗೆ ಆಫ್ ಮಾಡಿದ್ದು ಒಂದೇ ಒಂದು ಮಷಿನ್‌ನಲ್ಲಿ: ಡಿಸ್ಕ್‌ಗಳನ್ನು ಪರೀಕ್ಷಿಸಲು ಇಟ್ಟುಕೊಂಡಿದ್ದು, ನೆಟ್‌ವರ್ಕ್ ಕೂಡ ಇಲ್ಲದ್ದು.

ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಆನ್. ‘ನಾನೊಬ್ಬನೇ ಬಳಸೋದು ಅಲ್ವಾ’ ಎನ್ನುವವರಿಗೆ ಬ್ರೌಸರ್ ನೆನಪಿಸುತ್ತೇನೆ. ತೆರೆದ ಪ್ರತಿ ಟ್ಯಾಬ್‌ನಲ್ಲೂ ಗುರುತಿಲ್ಲದವರ ಜಾವಾಸ್ಕ್ರಿಪ್ಟ್ ಓಡುತ್ತಿರುತ್ತದೆ. ಅದು ಸಮಯ ಅಳೆದು ಕದಿಯುವುದು ಕಷ್ಟವಾಗಲಿ ಎಂದು 2018ರಲ್ಲಿ ಬ್ರೌಸರ್‌ಗಳು ಗಡಿಯಾರದ ನಿಖರತೆಯನ್ನು ಬೇಕೆಂದೇ ಕಡಿಮೆ ಮಾಡಿದವು. ಕ್ರೋಮ್ 67ರಿಂದ ಡೆಸ್ಕ್‌ಟಾಪ್‌ನಲ್ಲಿ ಒಂದೊಂದು ಸೈಟ್‌ಗೂ ಬೇರೆ ಪ್ರೊಸೆಸ್ ಬಂತು. ತಾಂತ್ರಿಕ ಗೊಡವೆ ಬೇಡ ಎನ್ನುವ ಮನೆಯವರಿಗೆ ನಾನು ಹೇಳುವುದು ಎರಡೇ: ಬ್ರೌಸರ್ ಅಪ್‌ಡೇಟ್ ತಡೆಯಬೇಡಿ, ರೀಸ್ಟಾರ್ಟ್ ಕೇಳಿದರೆ ಮುಂದೂಡಬೇಡಿ.

ಪ್ರೊಸೆಸರ್‌ನ ಒಂದೇ ಕೋರ್ ಎರಡು ಕೆಲಸಗಳನ್ನು (ಥ್ರೆಡ್) ಒಟ್ಟಿಗೆ ಓಡಿಸುವ ಹೈಪರ್‌ಥ್ರೆಡಿಂಗ್ ಬಗ್ಗೆ ನಾನು ಜಾಸ್ತಿ ಯೋಚಿಸಬೇಕಾಯಿತು. 2018ರ ಫೋರ್‌ಶ್ಯಾಡೋ, 2019ರ ಝಾಂಬಿಲೋಡ್ ದೋಷಗಳು ತೋರಿಸಿದ್ದು, ಒಂದೇ ಕೋರ್ ಹಂಚಿಕೊಂಡ ಎರಡು ಥ್ರೆಡ್‌ಗಳ ನಡುವೆಯೂ ಡೇಟಾ ಸೋರಬಹುದು ಎಂದು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ 2018ರ ಜೂನ್‌ನಲ್ಲೇ ಹೈಪರ್‌ಥ್ರೆಡಿಂಗನ್ನು ಡೀಫಾಲ್ಟ್ ಆಗಿ ಆಫ್ ಮಾಡಿತು. ಬೇರೆ ಬೇರೆ ತಂಡಗಳ ವರ್ಚುವಲ್ ಮಷಿನ್‌ಗಳು (ಒಂದೇ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಲ್ಲಿ ಓಡುವ ಬೇರೆ ಬೇರೆ ಕಂಪ್ಯೂಟರ್‌ಗಳು) ಒಟ್ಟಿಗೆ ಓಡುವ ಸರ್ವರ್‌ನಲ್ಲಿ ನಾನೂ ಆಫ್ ಮಾಡಿದೆ. ಥ್ರೆಡ್‌ಗಳು ಅರ್ಧಕ್ಕೆ ಇಳಿದವು, ಕೆಲವರು ಗೊಣಗಿದರು. ಆದರೂ ಒಂದು ತಂಡದ ಕೀ ಇನ್ನೊಂದು ತಂಡಕ್ಕೆ ಸಿಗುವ ದಾರಿಯನ್ನು ಗೊತ್ತಿದ್ದೂ ತೆರೆದಿಡಲು ನಾನು ಒಪ್ಪಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹಾಗೇ ಬಿಟ್ಟಿದ್ದೇನೆ.

ಪ್ರತಿ ಕರ್ನಲ್ ಅಪ್‌ಡೇಟ್ ಆದ ಮೇಲೆ ‘ಎಲ್‌ಎಸ್‌ಸಿಪಿಯು’ ಕೊಡುವ ದೋಷಗಳ ಪಟ್ಟಿಯನ್ನು ಫೈಲ್‌ನಲ್ಲಿ ಉಳಿಸಿ, ಹಿಂದಿನದರ ಜೊತೆ ಹೋಲಿಸುತ್ತೇನೆ. 2022ರ ರೆಟ್‌ಬ್ಲೀಡ್, ಆಮೇಲೆ ಡೌನ್‌ಫಾಲ್, ಎರಡೂ ಅಲ್ಲಿ ಹೊಸ ಸಾಲುಗಳಾಗಿ ಬಂದವು. ಹಳೇ ಕರ್ನಲ್‌ಗೆ ಹೊಸ ದೋಷದ ಹೆಸರೇ ಗೊತ್ತಿರುವುದಿಲ್ಲ, ಆ ಸಾಲೂ ಇರುವುದಿಲ್ಲ. ಅದನ್ನು ನೋಡಿ ನಮ್ಮ ಮಷಿನ್‌ಗೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಮೊದಲು ಕರ್ನಲ್ ಅಪ್‌ಡೇಟ್ ಮಾಡಿ, ಆಮೇಲೆ ಪಟ್ಟಿ ನೋಡಿ.