ಮಕ್ಕಳ ಕಲ್ಯಾಣ ಸಮಿತಿಗೆ ಹೋಗುವ ತಾಯಿಯ ಜೊತೆ ನೀವು ಹೋಗುವುದಾದರೆ

ನನ್ನ ಮಗನನ್ನು ಗ್ಯಾರೇಜಿನ ಕೆಲಸದಿಂದ ಬಿಡಿಸಿ ಬಾಲಮಂದಿರಕ್ಕೆ ಸೇರಿಸಿದಾಗ, ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಈ ಸಮಿತಿ ಮುಂದೆ ನಾನು ಬಾಯೇ ಬಿಡಲಿಲ್ಲ. ತೋರಿಸಿದ ಕಡೆ ಸಹಿ ಹಾಕಿದೆ, ಅದರಲ್ಲಿ ಏನಿತ್ತು ಅಂತ ಯೋಚನೆ ಬಂದಿದ್ದು ವಾಪಸ್ ಬಸ್ಸಿನಲ್ಲಿ ಕೂತ ಮೇಲೆ. ಈಗ ಬೇರೆ ಅಪ್ಪ ಅಮ್ಮಂದಿರ ಜೊತೆ ಹೋಗುತ್ತೇನೆ. ನಿಮ್ಮ ಮಗುವೂ ಹೀಗೆ ಹೋಗಿ ಬಂದಿದ್ದರೆ ನೀವೂ ಹೋಗಬಹುದು.

ಮೊದಲ ದಿನ ಆ ತಾಯಿಗೆ ಬುದ್ಧಿ ಹೇಳಬೇಡಿ. "ಕೆಲಸಕ್ಕೆ ಯಾಕೆ ಕಳಿಸಿದೆ" ಅಂತ ಹತ್ತು ಜನ ಆಗಲೇ ಕೇಳಿರುತ್ತಾರೆ. ಊಟ ಆಯ್ತಾ ಅಂತ ಕೇಳಿ. ಆಧಾರ್, ರೇಷನ್ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಕಾಗದ, ಎಲ್ಲದರದ್ದೂ ಎರಡೆರಡು ಜೆರಾಕ್ಸ್ ಮಾಡಿಸಿ ಒಂದೇ ಕವರಿಗೆ ಹಾಕಿಸಿ.

ಮಗು ಸಿಕ್ಕ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಸಮಿತಿ ಮುಂದೆ ಹಾಜರುಪಡಿಸಬೇಕು. ಆಮೇಲೆ ಮನೆ ನೋಡಲು ಬಂದು ವರದಿ ಬರೆಯುತ್ತಾರೆ, ಅದಕ್ಕೆ 15 ದಿನ. ಎಷ್ಟೋ ಜನ ಎಡವುವುದು ಇಲ್ಲೇ. ನನಗೆ ಗೊತ್ತಿರುವ ಒಬ್ಬಳು ಗಂಡ ಕುಡಿಯುವುದನ್ನು ಮುಚ್ಚಿಟ್ಟಳು, ಪಕ್ಕದ ಮನೆಯವರು ಹೇಳಿಬಿಟ್ಟರು, ಆಮೇಲೆ ಅವಳು ಹೇಳಿದ ನಿಜವನ್ನೂ ಯಾರೂ ನಂಬಲಿಲ್ಲ. ಹಾಗಾಗಿ ಇದ್ದಿದ್ದನ್ನು ಇದ್ದ ಹಾಗೆ ಹೇಳಿಸಿ, ಜೊತೆಗೆ ಈಗ ಏನು ಬದಲಾಗಿದೆ ಅನ್ನುವುದನ್ನೂ.

ಸಮಿತಿಯ ಒಳಗೆ ಆ ತಾಯಿಯ ಪರವಾಗಿ ನೀವು ಮಾತಾಡಬೇಡಿ. ಎಷ್ಟೋ ಸಲ ನಿಮ್ಮನ್ನು ಹೊರಗೇ ಕೂರಿಸುತ್ತಾರೆ, ಜಗಳ ಬೇಡ. ಒಳಗೆ ಬಿಟ್ಟರೆ ನಾನು ಒಂದು ಗುರುತು ಮಾಡಿಕೊಂಡಿರುತ್ತೇನೆ: ಅರ್ಥ ಆಗದಿದ್ದರೆ ಅವಳು ಸೆರಗು ಎಳೆದುಕೊಳ್ಳಬೇಕು, ಆಗ ನಾನು "ಮೇಡಂ, ಇನ್ನೊಂದ್ಸಲ ಹೇಳ್ತೀರಾ" ಅನ್ನುತ್ತೇನೆ, ಅಷ್ಟೇ. ಸಹಿಗೆ ಮುಂಚೆ ಓದಿಸಿ. ಆದೇಶದ ಪ್ರತಿ ಕೇಳಿ, ಮುಂದಿನ ತಾರೀಖು ಬರೆದುಕೊಳ್ಳಿ. ಆದೇಶ ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿಗೆ 30 ದಿನ ಇರುತ್ತದೆ. ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಬಿಟ್ಟಿ ಸಿಗುತ್ತಾರೆ, ಆದಾಯ ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿಸಿ.

ಮಗುವಿನ ಫೋಟೋ, ಹೆಸರು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಅದು ಅಪರಾಧ. ಮನೆಯಲ್ಲೇ ಮಗುವಿಗೆ ಹೊಡೆತ ಬೀಳುತ್ತಿದ್ದರೆ ಬಾಲಮಂದಿರದಿಂದ ಈಗಲೇ ಮನೆಗೆ ಕರೆತರೋಣ ಅಂತ ತಾಯಿಯನ್ನು ಹುರಿದುಂಬಿಸಲೂ ಬೇಡಿ. ಸ್ನೇಹ ಬೇರೆ, ಮಗು ಬೇರೆ ಅಲ್ವಾ.

ಮಗು ಮನೆಗೆ ಬಂದ ಮೇಲೆ ಎಲ್ಲರೂ ಮಾಯ ಆಗುತ್ತಾರೆ. ನೀವು ಆಗಬೇಡಿ. ನನ್ನ ಮಗ ಮೊದಲ ವಾರ ಪೂರ್ತಿ, ಮನೆಯಲ್ಲಿ ಇರುವುದು ನಾವಿಬ್ಬರೇ ಆದರೂ, ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ಸಾಲಿನಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದ. ಅಂಥ ಮೊದಲ ವಾರ ಆ ತಾಯಿಗೆ ದಿನಕ್ಕೊಂದು ಫೋನ್ ಮಾಡಿ.